ಒಳಗೆ ಬಿಟ್ಟ ಬಟ್ಟೆ

ಅತ್ತೆಗೆ ಹೇಳದೆ ಕೊಂಡು ತಂದ ಹಾಲಿನ ಪುಡಿಯ ಡಬ್ಬವನ್ನು ಮೇಜಿನ ಮೇಲಿಟ್ಟು ದರ್ಜಿ ಹುಡುಗಿ ಮೆಲ್ಲಗೆ ಹೇಳಿದಳು: "ಇನ್ನು ಇದೇ ಗತಿ ಅಕ್ಕಾ. ನನ್ನ ಹಾಲು ಸಾಲ್ತಿಲ್ಲ."

ತಾಯಂದಿರ ಬುಧವಾರದ ಕೂಟ ನಡೆಯುವುದು ವಾಚನಾಲಯದ ಹಿಂದಿನ ಕೋಣೆಯಲ್ಲಿ. ಅಲ್ಲಿ ಡಾಕ್ಟರಿಲ್ಲ. ಎರಡು ಹೆತ್ತು ಸಾಕಿದ ಬೇಕರಿ ಅಕ್ಕ ಇದ್ದಾಳೆ. ಹೊಸ ತಾಯಂದಿರ ಗೋಳು ಕೇಳುವುದು ಅವಳ ಪಾಲಿನ ಕೆಲಸ. ಅವಳು ಡಬ್ಬದ ಕಡೆ ತಿರುಗಿಯೂ ನೋಡಲಿಲ್ಲ.

"ಸಾಲ್ತಿಲ್ಲ ಅಂತ ಯಾರು ಹೇಳಿದ್ರು?"

"ಈ ಅಂಗಿನೇ ಹೇಳ್ತಿದೆ. ಇವನು ಹುಟ್ಟಿದ ವಾರ ಹೊಲಿದಿದ್ದು. ಮೂರು ತಿಂಗಳಾದ್ರೂ ಸರಿಯಾಗಿ ಕೂರುತ್ತೆ. ಮಗು ಬೆಳೆದೇ ಇಲ್ಲ ಅಕ್ಕಾ."

ಊರವರ ಮೈಯನ್ನೆಲ್ಲ ಕಣ್ಣಳತೆಯಲ್ಲೇ ಹೇಳಿಬಿಡುವವಳಿಗೆ ಸ್ವಂತ ಮಗುವಿಗೆ ಟೇಪು ಹಿಡಿಯಲು ಮಾತ್ರ ಧೈರ್ಯ ಬಂದಿರಲಿಲ್ಲ.

"ದಿನಕ್ಕೆ ಎಷ್ಟು ಬಟ್ಟೆ ಒದ್ದೆ ಮಾಡ್ತಾನೆ?"

"ಏಳೆಂಟು. ಒಗೆದೂ ಒಗೆದೂ ನಮ್ಮತ್ತೆ ಕೈ ಸವೆದುಹೋಯ್ತು."

"ಒಳಗೆ ಹೋಗದೆ ಹೊರಗೆ ಎಲ್ಲಿಂದ ಬರುತ್ತೆ ಮಾರಾಯ್ತಿ? ನಾಳೆ ನರ್ಸ್ ಹತ್ರ ತೂಕ ಹಾಕಿಸು. ಎಲ್ಲಿ, ಅಂಗಿ ನೋಡೋಣ."

ಬೇಕರಿ ಅಕ್ಕ ಮಗುವನ್ನು ಮಡಿಲಿಗೆ ಎಳೆದುಕೊಂಡು ಅಂಗಿಯ ಅಂಚನ್ನು ಮಗುಚಿದಳು. ಪಕ್ಕದ ಹೊಲಿಗೆಯ ಉದ್ದಕ್ಕೂ ಸೂಜಿಯ ಹಳೆಯ ತೂತುಗಳು, ಒಂದರ ಪಕ್ಕ ಒಂದು, ಮೂರು ಸಾಲು.

"ಇದೇನೇ ಇದು?"

ದರ್ಜಿ ಹುಡುಗಿ ಬಗ್ಗಿ ನೋಡಿದಳು. ಮುಂದಕ್ಕೆ ಬೇಕಾದೀತೆಂದು ಒಳಗೆ ಎರಡು ಬೆರಳಗಲ ಬಟ್ಟೆ ಬಿಟ್ಟು ಹೊಲಿದಿದ್ದಳು. ಅದು ಮಾಯವಾಗಿತ್ತು. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ ಇರಬೇಕು. ಇಬ್ಬರೂ ಬಾಗಿಲ ಬಳಿಯ ಬೆಂಚಿನತ್ತ ನೋಡಿದರು. ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಅತ್ತೆ, ಸೊಸೆಯ ಜೊತೆಗೆ ಬಂದವಳು, ಅಲ್ಲಿ ತೂಕಡಿಸುತ್ತಿದ್ದಳು.

"ಅತ್ತೆ, ಈ ಅಂಗಿ ಬಿಚ್ಚಿದ್ದು ನೀವಾ?"

"ಮತ್ತಿನ್ಯಾರು?" ಅತ್ತೆ ಕಣ್ಣುಜ್ಜಿಕೊಂಡಳು. "ತಿಂಗಳು ತಿಂಗಳೂ ಬಿಗಿಯಾಗ್ತಿತ್ತು, ಬಿಚ್ಚಿ ಬಿಚ್ಚಿ ಅಗಲ ಮಾಡಿ ಹೊಲಿದೆ. ದರ್ಜಿ ಮನೆ ಮಗು ಬಿಗಿ ಅಂಗಿ ಹಾಕ್ಕೊಂಡಿದ್ರೆ ಜನ ನಗಲ್ವಾ?"

"ನಂಗೆ ಒಂದು ಮಾತು ಹೇಳಬಾರದಿತ್ತಾ?"

"ನೀನು ಮಗು ಜೊತೆ ನಿದ್ದೆ ಮಾಡ್ತಿದ್ದೆ. ಇಷ್ಟಕ್ಕೆಲ್ಲ ಬಾಣಂತೀನ ಎಬ್ಬಿಸ್ತಾರಾ?"

ದರ್ಜಿ ಹುಡುಗಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಅಷ್ಟರಲ್ಲಿ ಹಸಿವಾದ ಮಗು ರಾಗ ತೆಗೆಯಿತು. ಅವಳು ಎತ್ತಿಕೊಂಡು ಎದೆಗೆ ಹಚ್ಚಿದಳು. ಬೇಕರಿ ಅಕ್ಕ ಸೀಲು ಒಡೆಯದ ಡಬ್ಬವನ್ನು ಅವಳ ಚೀಲಕ್ಕೆ ವಾಪಸ್ ತುರುಕಿದಳು.

ಅತ್ತೆ ಎದ್ದು ಬಂದು, ಹಾಲು ಕುಡಿಯುತ್ತಿದ್ದ ಮೊಮ್ಮಗನ ಅಂಗಿಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದಳು.

"ಇನ್ನು ಬಿಚ್ಚೋಕೆ ಒಳಗೆ ಬಟ್ಟೆ ಉಳಿದಿಲ್ಲ. ಮನೆಗೆ ಹೋದಮೇಲೆ ಹೊಸದು ಹೊಲಿ."