ಏಳನೇ ನಂಬರಿನ ಹಿಂದಿನ ಗಾಲಿ

ಜಾಲಿ ಮುಳ್ಳು ಟೈರಿನೊಳಗೆ ಸಲೀಸಾಗಿ ಇಳಿಯಿತು. ಪಕೀರಪ್ಪ ಅದರ ಬುಡವನ್ನು ಮುರಿದು, ಮೇಲೆ ಒಂದು ಚಿಟಿಕೆ ಮಣ್ಣು ಸವರಿದ. ಮುಳ್ಳು ಒಳಗೇ ಉಳಿದರೆ ಗಾಳಿ ಒಮ್ಮೆಗೇ ಹೋಗುವುದಿಲ್ಲ. ನಿಧಾನವಾಗಿ ಸೋರಿ, ಅವನು ಅಂದಾಜು ಮಾಡಿದ ಜಾಗದಲ್ಲೇ ಗಾಲಿ ನೆಲ ಕಚ್ಚುತ್ತದೆ. ಮೂವತ್ತು ವರ್ಷ ಪಂಕ್ಚರ್ ಹಾಕಿದ ಕೈಗೆ ಪಂಕ್ಚರ್ ಮಾಡುವುದೂ ಗೊತ್ತಿರುತ್ತದೆ, ಬಿಡಿ.

ಸುತ್ತ ಯಾರೂ ಇರಲಿಲ್ಲ. ನಂದವರಂ ಬಸ್ ಸ್ಟ್ಯಾಂಡಿನ ಪಕ್ಕ ಅವನ ಅಂಗಡಿಯ ಮುಂದೆ ಹನ್ನೆರಡು ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ಸವಾರರೆಲ್ಲ ನಂಬರಿನ ಚೀಟಿ ಇಸಿದುಕೊಳ್ಳಲು ಶಾಲೆಯ ಅಂಗಳಕ್ಕೆ ಹೋಗಿದ್ದರು. ರೇಸು ನಡೆಸುವ ಉಚ್ಚೀರಪ್ಪ ಹೊರಡುವ ಮೊದಲು ಹೇಳಿದ್ದ: ‘ಎಲ್ಲಾ ನಿನ್ನ ಕೈಯಾಗ ಅದಾವ, ಪಕೀರಪ್ಪ. ಒಮ್ಮೆ ಚೆಕ್ ಮಾಡಿಬಿಡು.’ ನಂಬಿಕೆ ಅಂದರೆ ಹೀಗಿರಬೇಕು ನೋಡಿ.

ಹನ್ನೊಂದನ್ನು ಅವನು ಪ್ರಾಮಾಣಿಕವಾಗಿಯೇ ನೋಡಿದ. ಬ್ರೇಕ್, ಚೈನು, ನಟ್ಟು, ಬೋಲ್ಟು. ಏಳನೆಯದಕ್ಕೆ ಮಾತ್ರ ಮುಳ್ಳು.

ಏಳನೆಯದು ಲಾವಣ್ಯಳದು. ರೇಸಿನಲ್ಲಿದ್ದ ಒಬ್ಬಳೇ ಹುಡುಗಿ. ನಾಲ್ಕನೆಯದು ಪಕೀರಪ್ಪನ ಅಕ್ಕನ ಮಗ ಲಕ್ಷ್ಮಿಕಾಂತನದು. ಹೋದ ವಾರ ಅಭ್ಯಾಸದಲ್ಲಿ ಅವಳು ಅವನನ್ನು ಅರ್ಧ ಕಿಲೋಮೀಟರ್ ಹಿಂದೆ ಹಾಕಿದ್ದಳು. ಊರೆಲ್ಲ ನಕ್ಕಿತ್ತು. ಪಕೀರಪ್ಪನ ಅಕ್ಕ ಎರಡು ದಿನ ತಮ್ಮನ ಜೊತೆ ಮಾತು ಬಿಟ್ಟಿದ್ದಳು.

ಅಂಗಡಿಯೊಳಗೆ ಗೋಡೆಯ ಗೂಟಕ್ಕೆ ಇನ್ನೊಂದು ಸೈಕಲ್ ತೂಗುತ್ತಿತ್ತು. ಅದರ ಮುಂದಿನ ಗಾಲಿ ಮಡಿಸಿದ ರೊಟ್ಟಿಯ ಹಾಗಿತ್ತು. ಹೋದ ವರ್ಷ ಇದೇ ರೇಸಿನಲ್ಲಿ ಚಿಪ್ಪಗಿರಿಯ ಆಂಜಿನೇಯ ಅದನ್ನು ಓಡಿಸಿದ್ದ. ರಿಪೇರಿಗೆಂದು ಯಾರೋ ತಂದು ಹಾಕಿದರು. ಒಯ್ಯಲು ಆಂಜಿನೇಯ ಇರಲಿಲ್ಲ.

ಯಾವ ರೇಸಿನಲ್ಲಿ ಹೇಗೆ ಬೀಳುತ್ತಾರೆ ಎಂಬುದು ಪಕೀರಪ್ಪನಿಗೆ ಅಂಗಡಿಗೆ ಬರುವ ಸೈಕಲ್ ನೋಡಿಯೇ ತಿಳಿಯುತ್ತಿತ್ತು. ಮೈದಾನದಲ್ಲಿ ಸುತ್ತು ಹೊಡೆಯುವ ರೇಸಾದರೆ ಹ್ಯಾಂಡಲ್ ಸೊಟ್ಟ, ಮೊಣಕಾಲು ತರಚು. ಹೆದ್ದಾರಿಯ ಗುಂಪಿನಲ್ಲಾದರೆ ಒಬ್ಬನ ಗಾಲಿಗೆ ಇನ್ನೊಬ್ಬನದು ತಾಗಿ ಹತ್ತು ಮಂದಿ ಒಟ್ಟಿಗೆ ಉರುಳುತ್ತಾರೆ. ರಿಮ್ಮು ಹೋಗುತ್ತದೆ, ಹೆಗಲ ಮೂಳೆ ಹೋಗುತ್ತದೆ. ಇಳಿಜಾರಿನ ಮಾತೇ ಬೇರೆ. ಈ ರೇಸು ಹೋಗುವ ನಾಗಲದಿನ್ನೆ ಹತ್ತಿರವಾದಂತೆ ರಸ್ತೆ ಹೊಳೆಯ ಕಡೆಗೆ ಇಳಿಯುತ್ತದೆ, ತಿರುವಿನ ತುಂಬ ಲಾರಿಗಳು ಚೆಲ್ಲಿದ ಮರಳು. ಗೆಲ್ಲಬೇಕೆನ್ನುವವರು ಅಲ್ಲಿ ಬ್ರೇಕ್ ಮುಟ್ಟುವುದಿಲ್ಲ. ಆಂಜಿನೇಯ ಮುಟ್ಟಿರಲಿಲ್ಲ.

ಸವಾರರು ಚೀಟಿ ಸಿಕ್ಕಿಸಿಕೊಂಡು ಮರಳಿದರು. ಲಾವಣ್ಯ ನೇರ ತನ್ನ ಸೈಕಲ್ಲಿನ ಹಿಂದಿನ ಗಾಲಿಯ ಬಳಿ ಕೂತು ಬೂಟಿನ ದಾರ ಕಟ್ಟಿದಳು. ಬಿಚ್ಚಿ ಮತ್ತೊಮ್ಮೆ ಕಟ್ಟಿದಳು. ಪಂಪು ಹಿಡಿದಿದ್ದ ಪಕೀರಪ್ಪನ ಕೈ ಅಲ್ಲೇ ನಿಂತಿತು. ಮುಳ್ಳು ಕಂಡುಬಿಟ್ಟರೆ?

ಅವಳು ತಲೆ ಎತ್ತದೆ ಕೇಳಿದಳು. ‘ಗಾಳಿ ಸರಿ ಐತಾ?’

‘ಸರಿ ಐತಿ.’

‘ಹಂಗಾದ್ರ ಹೋಗ್ತೀನಿ.’

ಕಾಣಲಿಲ್ಲ. ಅವನು ಪಂಪು ಕೆಳಗಿಟ್ಟ.

ಗೆರೆಯ ಮೇಲೆ ಉಚ್ಚೀರಪ್ಪ ಅವಳ ಬೆನ್ನು ನೋಡಿ ಗದರಿದ. ‘ಏನವ್ವಾ, ನಾಲ್ಕು ಪಿನ್ನೀಸು ಕೊಟ್ಟೀನಿ. ಚೀಟಿ ಒಂದು ಮೂಲಿ ಹಾರಾಡಾಕ ಹತ್ತೈತಿ.’

‘ಒಂದು ಎಲ್ಲೋ ಬಿತ್ತು ಕಾಕಾ.’

ಬಾವುಟ ಬಿತ್ತು. ಹನ್ನೆರಡು ಸೈಕಲ್ಲುಗಳು ಧೂಳೆಬ್ಬಿಸಿ ಹೊರಟವು. ಇಪ್ಪತ್ತು ಹೆಜ್ಜೆಯೂ ಆಗಿರಲಿಲ್ಲ, ಏಳನೇ ನಂಬರಿನ ಹಿಂದಿನ ಗಾಲಿ ಕರಕರ ಎಂದು ರಿಮ್ಮಿನ ಮೇಲೆ ಕೂತಿತು. ಪಕೀರಪ್ಪ ಬೆಚ್ಚಿದ. ಇಷ್ಟು ಬೇಗ ಆಗಬಾರದಿತ್ತು.

ಉಚ್ಚೀರಪ್ಪ ಮೈಕಿಗೆ ಬಾಯಿ ಹಚ್ಚಿ ‘ಆಗಂಡಿ, ಆಗಂಡಿ’ ಎಂದು ತೆಲುಗಿನಲ್ಲಿ ಕೂಗಿ ಎಲ್ಲರನ್ನೂ ಗೆರೆಗೆ ವಾಪಸು ಕರೆಸಿದ. ‘ಐದು ನಿಮಿಷ ತಡೀತೀನಿ. ಲಗೂನ ಪಂಕ್ಚರ್ ಹಾಕು, ಪಕೀರಪ್ಪ. ನಿನ್ನ ಮಗಳಿಲ್ದ ಎಂಥಾ ರೇಸು?’

ಹೌದು, ಮಗಳು. ಆ ಸೈಕಲ್ಲನ್ನು ಒಂದೊಂದೇ ಸಾಮಾನು ಕೂಡಿಸಿ ಕಟ್ಟಿಕೊಟ್ಟವನು ಅವನೇ. ‘ನಮ್ಮ ಲಾವಣ್ಯ ಇಳಿಜಾರಿನಾಗ ಬ್ರೇಕ್ ಮುಟ್ಟಂಗಿಲ್ಲ’ ಎಂದು ಬಂದ ಗಿರಾಕಿಗಳಿಗೆಲ್ಲ ಸಾರಿದವನೂ ಅವನೇ. ಈಗ ಬೇಡ ಎನ್ನಲು ಯಾವ ಬಾಯಿ? ಅವಳಾದರೂ ದಿನಾ ಸಂಜೆ ‘ಗೆದ್ದು ಬರ್ತೀನಪ್ಪ’ ಎನ್ನುತ್ತಿದ್ದಳು, ಗೂಟದ ಸೈಕಲ್ಲಿನ ಕಡೆಗೆ ಮಾತ್ರ ಕಣ್ಣು ಹಾಯಿಸದೆ. ಎರಡು ಕಿಲೋಮೀಟರಿಗೆ, ಹತ್ತಿ ಹೊಲಗಳ ನಡುವಿನ ಸಪಾಟು ರಸ್ತೆಯಲ್ಲಿ, ಗಾಳಿ ಹೋಗಿ ಅವಳು ಹಿಂದೆ ಉಳಿಯಲಿ ಎಂಬುದು ಅವನ ಅಂದಾಜು. ಈಗ ಅದೂ ತಪ್ಪಿತ್ತು. ಪಂಕ್ಚರ್ ಹಾಕಿ ತನ್ನ ಕೈಯಾರೆ ಆ ಇಳಿಜಾರಿಗೆ ಅವಳನ್ನು ಕಳಿಸಬೇಕು.

ಟ್ಯೂಬು ಬಿಚ್ಚಿ, ಗಾಳಿ ತುಂಬಿ, ಬೋಗುಣಿಯ ನೀರಿನಲ್ಲಿ ಅದುಮಿ ಹಿಡಿದ. ಗುಳ್ಳೆ ಎದ್ದವು. ಅದು ಗೊತ್ತಿದ್ದದ್ದೇ. ಒಂದು ಗೇಣು ಆಚೆಯಿಂದಲೂ ಗುಳ್ಳೆ ಎದ್ದವು.

ಟೈರಿನ ಒಳಗೆ ಬೆರಳಾಡಿಸಿದ. ಮುಳ್ಳು ಸಿಕ್ಕಿತು, ಯಾರಿಗೂ ಕಾಣದಂತೆ ಮುಷ್ಟಿಗೆ ಸೇರಿಸಿದ. ಬೆರಳು ಇನ್ನೂ ಮುಂದೆ ಹೋಯಿತು. ಏನೋ ಚುಚ್ಚಿ ರಕ್ತ ಬಂತು. ಅದನ್ನೂ ಕಿತ್ತು ಮುಷ್ಟಿಗೆ ಸೇರಿಸಿದ. ಟ್ಯೂಬನ್ನು ಬದಿಗೆಸೆದ.

ಆಮೇಲೆ ಹೇಳಿದ. ‘ಟ್ಯೂಬು ಸತ್ತೈತಿ, ಉಚ್ಚೀರಪ್ಪ. ಇವತ್ತು ಆಗಂಗಿಲ್ಲ. ನೀ ರೇಸು ಬಿಡು.’

ಬಾವುಟ ಮತ್ತೆ ಬಿತ್ತು. ಧೂಳು ನಾಗಲದಿನ್ನೆಯ ಕಡೆಗೆ ಹೋಯಿತು. ಲಾವಣ್ಯ ಅತ್ತ ನೋಡಲಿಲ್ಲ. ಅಪ್ಪನ ಮುಚ್ಚಿದ ಮುಷ್ಟಿಯನ್ನೇ ನೋಡುತ್ತ ನಿಂತಿದ್ದಳು.

ಅವನು ಮುಷ್ಟಿ ಬಿಚ್ಚಿ ತೋರಿಸಿದ: ತನ್ನ ಜಾಲಿ ಮುಳ್ಳು, ಅದರ ಪಕ್ಕದಲ್ಲಿ ಅವಳ ನಾಲ್ಕನೇ ಪಿನ್ನೀಸಿನ ಮುರಿದ ತುದಿ.