ಅತ್ತಿಗೆಯ ತೋಳು

ಒಂದು ತುದಿ ಅತ್ತಿಗೆಯ ಕೈಯಲ್ಲಿ, ಇನ್ನೊಂದು ನಾದಿನಿಯ ಕೈಯಲ್ಲಿ. ಆಸ್ಪತ್ರೆಯ ಚಾದರವನ್ನು ಇಬ್ಬರೂ ಹಿಂಡುತ್ತಿದ್ದರು. ಒಗೆಯುವ ಕೋಣೆಯ ಬಾಗಿಲಲ್ಲೇ ನರ್ಸಮ್ಮ ಮೇಜು ಹಾಕಿಕೊಂಡು ಕೂತಿದ್ದಳು. ಊರಿಗೆಲ್ಲ ಹಬ್ಬಿದ ಜ್ವರಕ್ಕೆ ಲಸಿಕೆ ಹಾಕಿಸಿಕೊಳ್ಳದವರಿಗೆ ಇವತ್ತಿನಿಂದ ಕೆಲಸವಿಲ್ಲ ಎಂದು ಆಜ್ಞೆಯಾಗಿತ್ತು. ಎಲ್ಲರದ್ದೂ ಮುಗಿದು ಅತ್ತಿಗೆಯೊಬ್ಬಳು ಉಳಿದಿದ್ದಳು.

"ಏನಮ್ಮ, ನಿನಗೆ ಪಲ್ಲಕ್ಕಿ ಕಳಿಸಬೇಕಾ?" ಎಂದ ಒಗೆಯುವವರ ಮೇಲಿನ ಮೇಸ್ತ್ರಿ.

"ಬೇಡ. ಕಾಲು ಗಟ್ಟಿಯಾಗಿವೆ."

"ಮತ್ತೆ ಸೂಜಿ ಕಂಡ್ರೆ ಭಯವಾ?"

ಕೆಲಸದವರು ಕಿಸಕ್ಕನೆ ನಕ್ಕರು. ನಾದಿನಿ ನಗಲಿಲ್ಲ. ಹೋದ ವಾರ ತನ್ನನ್ನು ಗದರಿಸಿ, ಕೈಹಿಡಿದು ಎಳೆದುಕೊಂಡು ಹೋಗಿ ಲಸಿಕೆ ಹಾಕಿಸಿದವಳು ಇದೇ ಅತ್ತಿಗೆ. ಜ್ವರ ಶುರುವಾದಾಗ ಜ್ವರದವರ ವಾರ್ಡಿನ ಚಾದರಗಳನ್ನು ಮುಟ್ಟುವ ಗಂಡೆದೆ ಯಾರಿಗೂ ಇರಲಿಲ್ಲ. ಆಗ ಇದೇ ಮೇಸ್ತ್ರಿ ಮನೆ ಬಾಗಿಲಿಗೆ ಬಂದು, "ನೀನು ಹೂಂ ಅಂದ್ರೆ ಮಾತ್ರ ತಾಯಿ, ಬಲವಂತ ಇಲ್ಲ" ಅಂದಿದ್ದ. ಅತ್ತಿಗೆ ಹೂಂ ಅಂದಳು. ಹೆತ್ತ ಮಗುವನ್ನೂ ಹತ್ತಿರ ಬಿಟ್ಟುಕೊಳ್ಳದೆ ಹೊರಕೋಣೆಯಲ್ಲಿ ಮಲಗಿ, ಅಷ್ಟೂ ಬಟ್ಟೆ ಒಬ್ಬಳೇ ಒಗೆದಳು. "ನನ್ನ ಕೇಳಿದರು ಕಣೇ" ಎನ್ನುವಾಗ ಅವಳು ಒಂದು ಗೇಣು ಎತ್ತರವಾದಂತೆ ಕಾಣುತ್ತಿತ್ತು.

ಮೇಸ್ತ್ರಿ ದನಿ ತಗ್ಗಿಸಿದ. "ನೋಡು, ಇಸ್ತ್ರಿ ಮಾಡ್ತಿದ್ದವಳು ಜ್ವರದಲ್ಲಿ ಹೋಗಿದ್ದನ್ನ ನೀನೇ ಕಂಡಿದೀಯ. ಒಬ್ಬೊಬ್ಬರ ಗಲ್ಲ ಹಿಡಿದು ಕೂತ್ರೆ ಇನ್ನೆಷ್ಟು ಜನ ಹೋಗಬೇಕು? ಹಾಕಿಸ್ಕೋ, ಇಲ್ಲಾ ಗೇಟು ದಾಟು."

ಅವನ ಮಾತು ಸುಳ್ಳಾಗಿರಲಿಲ್ಲ. ಅತ್ತಿಗೆಗೂ ಅದು ಗೊತ್ತಿತ್ತು. ಗೇಟು ದಾಟಿದರೆ ಮನೆಯ ಒಲೆ ಉರಿಯುವುದಿಲ್ಲ ಎಂಬುದೂ ಗೊತ್ತಿತ್ತು. ಚಾದರ ಕೆಳಗಿಟ್ಟು, ಕೈ ಒರೆಸಿಕೊಂಡು ಮೇಜಿನ ಮುಂದೆ ಹೋಗಿ ನಿಂತಳು. ತಾನೇ ರವಿಕೆಯ ತೋಳು ಮೇಲೆ ಮಡಚಿದಳು. ನರ್ಸಮ್ಮ ಮುಖವನ್ನೂ ನೋಡದೆ ಸೂಜಿ ಹಿಡಿದು ಕೈಚಾಚಿದಳು. ಅತ್ತಿಗೆ ಒಂದು ಹೆಜ್ಜೆ ಹಿಂದೆ ಸರಿದಳು.

"ಇದೇನು ಮಕ್ಕಳಾಟವಾ?" ಮೇಸ್ತ್ರಿ ಹೋಗಿ ಗೇಟಿನ ಅಗುಳಿ ತೆಗೆದ.

ಬಾಯಿ ಬಿಟ್ಟರೆ ಮುತ್ತು ಉದುರೀತೇ ಎಂದು ಎಲ್ಲರೂ ಛೇಡಿಸುವ ನಾದಿನಿ ಆಗ ಮುಂದೆ ಬಂದಳು. ಅತ್ತಿಗೆಯ ಭುಜಕ್ಕೆ ಭುಜ ತಾಗಿಸಿ ನಿಂತಳು.

"ನರ್ಸಕ್ಕ, ಹಾಕಲಾ ಅಂತ ನಮ್ಮ ಅತ್ತಿಗೇನ ಒಂದು ಮಾತು ಕೇಳಿ."

ನರ್ಸಮ್ಮ ಮೇಸ್ತ್ರಿಯ ಕಡೆ ನೋಡಿದಳು. ಮೇಸ್ತ್ರಿ ಗೇಟಿನ ಕಡೆ ನೋಡಿದ. ಅತ್ತಿಗೆ ಮಡಚಿದ ತೋಳನ್ನು ಇಳಿಸಲಿಲ್ಲ.