ಅಣ್ಣ ಮುಚ್ಚಿಟ್ಟ ಎಂಜಿನ್

ಅಬಿಮಾಯೆಲ್ ಎಂಜಿನ್ನಿನ ಕಡೇ ಬೋಲ್ಟಿಗೆ ಪಾನಾ ಹಾಕಿದ್ದ. ಅಷ್ಟರಲ್ಲಿ ಅತ್ತಿಗೆ ಸೊರಾಯ್ದಾ ಕಾಫಿ ಹಿಡಿದುಕೊಂಡು ಬಂದು ಶೆಡ್ಡಿನ ಬಾಗಿಲಲ್ಲಿ ನಿಂತಳು.

“ಬಿಚ್ಚಬೇಡ ಅಂದಿದ್ದ ಕಣೋ ನಿಮ್ಮಣ್ಣ. ಆಸ್ಪತ್ರೆಗೆ ಹೋಗೋ ದಿನಾನೇ ಹೇಳಿದ್ದು. ‘ಎಂಜಿನ್ ಅಬಿಗೆ ಕೊಡು, ಬಿಚ್ಚಬೇಡ ಅನ್ನು’ ಅಂತ.”

“ಸಾಯೋವಾಗ್ಲೂ ಹಟ ಬಿಡ್ಲಿಲ್ಲ ಅನ್ನಿ,” ಎಂದ ಅಬಿ, ಪಾನಾದ ಮೇಲೆ ಮೈಭಾರ ಬಿಟ್ಟು. “ಬಿಚ್ಚದೆ ನಾನು ದೊಡ್ಡ ಟರ್ಬೊ ಹಾಕೋಕಾಗಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.”

ಬೆಂಚಿನ ಮೇಲೆ, ಎಂಜಿನ್ನಿಗೆ ಗಾಳಿ ತುರುಕುವ ಎರಡು ಟರ್ಬೊಗಳು ಕೂತಿದ್ದವು. ಒಂದು ತೆಂಗಿನಕಾಯಿಯಷ್ಟು, ಇನ್ನೊಂದು ಕುಂಬಳಕಾಯಿಯಷ್ಟು. ಚಿಕ್ಕದನ್ನು ಆರಿಸಿದವನು ಅಣ್ಣ ರಾದಾಮೆಸ್. ಆಕ್ಸಿಲರೇಟರ್ ಒತ್ತಿದ ಕೂಡಲೇ ಗಾಳಿ ತುಂಬುತ್ತದೆ, ಎಂಜಿನ್ನೂ ಬಾಳಿಕೆ ಬರುತ್ತದೆ ಎಂಬುದು ಅವನ ವಾದ. ಅಬಿಗೆ ದೊಡ್ಡದೇ ಆಗಬೇಕು. ಅದು ಏಳುವುದು ನಿಧಾನ, ಎದ್ದಿತೆಂದರೆ ಸಾಲಿನಾಸ್ ಊರಿನ ಕಾರ್ ರೇಸಿನಲ್ಲಿ ಮುಂದೆ ಒಂದು ಕಾರೂ ಉಳಿಯುವುದಿಲ್ಲ. ಆದರೆ ಇದು ಪಿಸ್ಟನ್ ಇಲ್ಲದ ರೋಟರಿ ಎಂಜಿನ್. ಒಳಗೆ ಸುತ್ತುವ ಮುಮ್ಮೂಲೆಯ ರೋಟರಿನ ಮೂಲೆಗಳಲ್ಲಿ ಸಂದು ಮುಚ್ಚುವ ಪಟ್ಟಿ, ಅಂದರೆ ಸೀಲು, ಒಂದು ಮುರಿದರೂ ಕಥೆ ಮುಗಿಯಿತು. ದೊಡ್ಡ ಟರ್ಬೊ ಕೂರಿಸಬೇಕಾದರೆ ಮೊದಲು ಹೊಗೆ ಹೋಗುವ ಬಾಯಿಯನ್ನು ಅಗಲಿಸಿ, ಮೂಲೆಗಳಿಗೆ ಗಟ್ಟಿ ಸೀಲು ಹಾಕಬೇಕು.

ಜಗಳ ಇಷ್ಟಕ್ಕೇ. ರೇಸಿನ ದಿನ ಅರ್ಧ ಊರಿನೆದುರು ಅಬಿ, “ನಿನ್ನ ಪುಟಾಣಿ ಟರ್ಬೊ ಅತ್ತಿಗೆ ತಲೆ ಒಣಗಿಸ್ಕೊಳ್ಳೋಕೆ ಸರಿಹೋಗುತ್ತೆ ಬಿಡು,” ಅಂದುಬಿಟ್ಟಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ರಾದಾಮೆಸ್ ನಗಲಿಲ್ಲ. ಅಂದಿನಿಂದ ಅಣ್ಣತಮ್ಮಂದಿರ ಮಾತು ನಿಂತಿತು. ಇರುವುದು ಒಂದೇ ಬೀದಿ, ತಿನ್ನುವುದು ಒಂದೇ ಬೇಕರಿಯ ಬ್ರೆಡ್ಡು, ಎದುರಾದರೆ ಇಬ್ಬರೂ ಆ ಕಡೆ ಮುಖ. ಏನು ಹಾಳು ಹಮ್ಮೋ! ಅಣ್ಣ ಆಸ್ಪತ್ರೆ ಸೇರಿದಾಗ ನೋಡಿ ಬರೋಣವೆಂದು ಅಬಿ ಒಳ್ಳೆಯ ಶರ್ಟು ಹಾಕಿಕೊಂಡ, ಬಾಗಿಲವರೆಗೆ ಹೋಗಿ ವಾಪಸು ಬಂದು ಬಿಚ್ಚಿಟ್ಟ. ನಾಳೆ ಹೋದರಾಯಿತು ಅಂದುಕೊಂಡ. ಬೆಳಿಗ್ಗೆ ಸಾವಿನ ಸುದ್ದಿ ಬಂತು. ಅಣ್ಣ ತನ್ನ ಮೇಲಿನ ಸಿಟ್ಟಿನಲ್ಲೇ ಹೋದನೇ ಎಂಬ ಒಂದೇ ಪ್ರಶ್ನೆ ಆಮೇಲೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ‘ಬಿಚ್ಚಬೇಡ’ ಎಂಬ ಮಾತು ಅತ್ತಿಗೆಯಿಂದ ಮೊದಲ ಸಲ ಕಿವಿಗೆ ಬಿದ್ದಾಗಲೇ, ಹೌದು, ಸಿಟ್ಟಿನಲ್ಲೇ ಹೋದ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ.

ಬೋಲ್ಟು ಸಡಿಲವಾಯಿತು. ಅಬಿ ಮೇಲಿನ ಭಾಗವನ್ನು ಎತ್ತಿಟ್ಟು, ಮೊದಲ ರೋಟರನ್ನು ಹೊರತೆಗೆದ. ಮೂಲೆಗಳಿಗೆಲ್ಲ ವ್ಯಾಸಲೀನು ಮೆತ್ತಿತ್ತು. ಜೋಡಿಸುವಾಗ ಸೀಲು ಜಾರಿ ಬೀಳದಿರಲೆಂದು ಎಲ್ಲರೂ ಹಚ್ಚುತ್ತಾರೆ; ಎಂಜಿನ್ ಒಮ್ಮೆ ಬಿಸಿಯಾದರೆ ಕರಗಿ ಹೋಗುತ್ತದೆ. ಇದು ಅಣ್ಣ ಜೋಡಿಸಿದ ಮೇಲೆ ಇನ್ನೂ ಒಂದು ಸಲವೂ ಓಡದ ಎಂಜಿನ್.

“ಅಯ್ಯೋ, ನನ್ನ ವ್ಯಾಸಲೀನ್ ಡಬ್ಬಿ ಖಾಲಿ ಮಾಡಿದ್ದು ಇದಕ್ಕಾ!” ಎಂದಳು ಸೊರಾಯ್ದಾ. “ಯಾರು ತಗೊಂಡ್ರು ಅಂದ್ರೆ ಗೊತ್ತೇ ಇಲ್ಲ ಅಂದಿದ್ದ, ಕಳ್ಳ.”

ಅಬಿ ನಕ್ಕ. ನಗುತ್ತಲೇ ಕೈಯಭ್ಯಾಸದಂತೆ ರೋಟರನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಬಟ್ಟೆಯಿಂದ ಉಜ್ಜಿದ. ಸೀಲು ಥಳಥಳ ಹೊಳೆಯಿತು. ಅವನ ಕೈ ನಿಂತಿತು. ಗಟ್ಟಿ ಸೀಲು. ತಾನು ಬೇಕೆಂದು ಹಟ ಹಿಡಿದಿದ್ದ ಅದೇ ಸೀಲು. ಥಟ್ಟನೆ ಹೊಗೆಬಾಯಿಗೆ ಬೆರಳು ಹಾಕಿ, ಹಲ್ಲಿ ನುಗ್ಗದಂತೆ ಅಣ್ಣ ತುರುಕಿದ್ದ ಹಳೇ ಬಟ್ಟೆಯನ್ನು ಎಳೆದ. ಬಾಯಿ ಅಗಲವಾಗಿತ್ತು. ಅರ ಹಿಡಿದು, ಉಜ್ಜಿ ಉಜ್ಜಿ, ಕನ್ನಡಿಯಂತೆ ನುಣುಪು ಮಾಡಿದ್ದ ಪುಣ್ಯಾತ್ಮ.

“ಯಾಕೋ, ಹಾಗೆ ನಿಂತ್ಬಿಟ್ಟೆ?”

“ಅಣ್ಣ ಒಪ್ಕೊಂಡಿದ್ದ ಅತ್ತಿಗೆ.”

“ಏನನ್ನ?”

“ದೊಡ್ಡ ಟರ್ಬೊನ. ಎಲ್ಲ ಮಾಡೇ ಮುಚ್ಚಿದ್ದಾನೆ. ನಾನು ಬಿಚ್ಚೋ ಕೆಲಸವೇ ಇರ್ಲಿಲ್ಲ. ಈ ಬಟ್ಟೆ ಎಳೆದು ಒಂದ್ಸಲ ಇಣುಕಿದ್ರೂ ಸಾಕಿತ್ತು. ಅಷ್ಟೂ ತೋಚಲಿಲ್ವಲ್ಲ ನನಗೆ!”

ಸೊರಾಯ್ದಾ ಕಾಫಿಯನ್ನು ಬೆಂಚಿನ ಮೇಲಿಟ್ಟು ಹತ್ತಿರ ಬಂದಳು. ಎಂಜಿನ್ನಿನೊಳಗೆ ಎರಡನೆಯ ರೋಟರ್ ಇನ್ನೂ ಕೂತಲ್ಲೇ ಕೂತಿತ್ತು. ಅದರ ಮೂಲೆಯ ವ್ಯಾಸಲೀನಿನ ಮೇಲೆ ಒಂದು ಹೆಬ್ಬೆರಳಿನ ಅಚ್ಚು, ಅದರ ನಡುವೆ ಅಡ್ಡಲಾಗಿ ಒಂದು ಗೆರೆ. ಎಂದೋ ಫ್ಯಾನ್ ಬೆಲ್ಟು ಕುಯ್ದ ಗಾಯದ ಗೆರೆ. ಇಬ್ಬರಿಗೂ ಆ ಬೆರಳು ಗೊತ್ತಿತ್ತು.

“ಇದೊಂದನ್ನ ಒರೆಸ್ಬೇಡ ಕಣೋ,” ಎಂದಳು ಮೆಲ್ಲಗೆ.

“ಒರೆಸ್ದೆ ಮುಚ್ಚೋಕಾಗಲ್ಲ ಅತ್ತಿಗೆ. ಬಿಚ್ಚಿದ ಮೇಲೆ ಧೂಳು ಬಿದ್ದಿರುತ್ತೆ. ಹಾಗೇ ಓಡಿಸಿದ್ರೆ ಅಣ್ಣ ಮಾಡಿದ್ದೆಲ್ಲ ಹಾಳಾಗುತ್ತೆ.”

ಮಧ್ಯಾಹ್ನದ ಬಿಸಿಲು ಬಾಗಿಲು ದಾಟಿ ನೆಲದುದ್ದ ಹರಿದು ಬಂದು ಎಂಜಿನ್ನಿನ ಮೇಲೇರಿತು. ಹೆಬ್ಬೆರಳಿನ ಅಚ್ಚಿನ ಅಂಚು ಬಿಸಿಗೆ ಕರಗಿ ನೀರೊಡೆದಂತೆ ಮಿನುಗತೊಡಗಿತು. ಅಬಿ ಗಡಬಡಿಸಿ ಅಡ್ಡ ಬಂದು, ತನ್ನ ನೆರಳು ಅದರ ಮೇಲೆ ಬೀಳುವಂತೆ ನಿಂತ. ಬಿಸಿಲು ಸರಿದಂತೆಲ್ಲ ತಾನೂ ಇಷ್ಟಿಷ್ಟೇ ಸರಿದ. ಒರೆಸುವ ಬಟ್ಟೆ ಅವನ ಕೈಯಲ್ಲೇ ಇತ್ತು.